ಹಡಗು ನಿಲ್ಲದ ವರ್ಷದ ಜವಳ

ಹೋದ ತಿಂಗಳು ಮೊಮ್ಮಗನ ಜವಳಕ್ಕೆಂದು ಹೆಂಡತಿಯ ತವರು ತಂಬ್ರಹಳ್ಳಿಗೆ ಹೋಗಿದ್ದೆ. ಬೇಸಿಗೆಯ ಕೊನೆ. ಹಿನ್ನೀರು ಊರಿನಿಂದ ದೂರ ಸರಿದು, ಬಿರುಕು ಬಿಟ್ಟ ಕೆಸರಿನ ಬಯಲು ಬಿಟ್ಟುಹೋಗಿತ್ತು. ಪೂಜೆಗೆ ನೀರು ತರಲು ನಾವು ಆ ಬಯಲು ದಾಟಿ ನಡೆಯುವಾಗ ಗಾಳಿ ತಿರುಗಿತು. ಕೆಸರು, ಒಣಮೀನು, ಎಲ್ಲೋ ಬಿದ್ದ ಮಳೆ, ಮೂರೂ ಕೂಡಿದ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿಯೇ ಅಂಗಿಯ ಜೇಬಿಗೆ ಹೋಯಿತು. ಸಣ್ಣ ಕತ್ತರಿ ಅಲ್ಲೇ ಇತ್ತು. ಇದ್ದೇ ಇರುತ್ತದೆ. ಕೊಟ್ಟೂರಿನ ದರ್ಜಿಯ ಜೇಬಿನಲ್ಲಿ ದುಡ್ಡು ಇಲ್ಲದಿದ್ದರೂ ದಾರ ಕತ್ತರಿಸುವ ಕತ್ತರಿ ಇರುತ್ತದೆ. ಆದರೆ ಅದನ್ನು ಹೀಗೆ ಹೆದರಿ ಮುಟ್ಟಿ ನೋಡಿಕೊಳ್ಳುವ ಚಟ ಅಂಟಿದ್ದು ಇಪ್ಪತ್ಮೂರು ವರ್ಷದ ಹಿಂದೆ, ಇಂಥದ್ದೇ ಗಾಳಿ ಬೀಸಿದ ಒಂದು ಬೇಸಿಗೆಯಲ್ಲಿ.

ಆಗ ನನ್ನ ಮಗ ಶರಣನಿಗೆ ಐದು ತುಂಬಲು ಎರಡು ತಿಂಗಳಿತ್ತು. ಕೂದಲು ಸೊಂಟಕ್ಕೆ ಬಂದಿತ್ತು. ನಮ್ಮಲ್ಲಿ ಹುಟ್ಟುಗೂದಲನ್ನು ಬೆಸ ವರ್ಷದಲ್ಲಿ ತೆಗೆಸಬೇಕು, ಮೊದಲ ಎಳೆಯನ್ನು ಸೋದರಮಾವನೇ ಕತ್ತರಿಸಬೇಕು. ಆಮೇಲೆ ಉಳಿದದ್ದನ್ನು ಕ್ಷೌರದವನು ಬೋಳಿಸುತ್ತಾನೆ. ಮೊದಲ ವರ್ಷ ಮಗುವಿಗೆ ಮೈ ಸರಿ ಇರಲಿಲ್ಲ, ಮುಂದಕ್ಕೆ ಹಾಕಿದೆವು. ಮೂರನೆಯ ವರ್ಷಕ್ಕೆ ಸೋದರಮಾವನೇ ಊರಲ್ಲಿ ಇರಲಿಲ್ಲ. ಇನ್ನು ಉಳಿದಿದ್ದು ಐದು. ಶಾಲೆಗೆ ಸೇರಿಸಬೇಕಾದ ಹುಡುಗ ಎರಡು ಜಡೆ ಹಾಕಿಕೊಂಡು ಓಣಿಯಲ್ಲಿ ಗೋಲಿ ಆಡುತ್ತಿದ್ದ. ಅಂಗಡಿಗೆ ಬಂದ ಗಿರಾಕಿಗಳೆಲ್ಲ 'ಮಗಳು ಚೆಂದ ಅದಾಳ' ಎನ್ನುವರು.

'ಒಂದಿನ ಇಂವ ಮಲಗಿದಾಗ ನಾನ ಕೊಯ್ದುಬಿಡ್ತೀನಿ, ನೋಡ್ತಿರು' ಎಂದು ನಾನು ಹೆಂಡತಿ ಗಿರಿಜೆಯನ್ನು ರೇಗಿಸುತ್ತಿದ್ದೆ. ಜೇಬಿನ ಕತ್ತರಿ ತೆಗೆದು ತೋರಿಸುತ್ತಿದ್ದೆ ಕೂಡ. ಅವಳು ನಗುತ್ತಿರಲಿಲ್ಲ. ಹುಡುಗಾಟಿಕೆಯ ಮಾತನ್ನು ಹೆಂಡತಿಯರು ಎಲ್ಲಿ ಜೋಪಾನವಾಗಿ ಇಟ್ಟಿರುತ್ತಾರೆ ಎಂದು ಗಂಡಸರಿಗೆ ತಿಳಿಯುವುದಿಲ್ಲ.

ಅವಳಿಗೆ ಒಬ್ಬನೇ ತಮ್ಮ, ಮಲ್ಲೇಶಿ. ತಂಬ್ರಹಳ್ಳಿಯಿಂದ ಅವನನ್ನು ಮೊದಲು ಕಳಿಸಿದ್ದು ನನ್ನ ಅಂಗಡಿಗೇ, ದರ್ಜಿ ಕೆಲಸ ಕಲಿಯಲು. ಪಾಪ, ಅವನು ಎಡಚ. ಎಡಗೈಯಲ್ಲಿ ನಮ್ಮ ಕತ್ತರಿ ಹಿಡಿದರೆ ಬಟ್ಟೆ ಕತ್ತರಿಸುವ ಬದಲು ಮಡಚಿಕೊಳ್ಳುತ್ತಿತ್ತು. ಬಲಗೈ ಅಭ್ಯಾಸ ಮಾಡಿಸಿದೆ, ಕೂಡಿಬರಲಿಲ್ಲ. ನಾನಿಲ್ಲದಾಗ ಎಡಗೈಯಲ್ಲೇ ಒತ್ತಿ ಕತ್ತರಿಸಿ ಎರಡು ಪೈಜಾಮ ಹಾಳು ಮಾಡಿದ. ಬೇಜಾರಾದಾಗಲೆಲ್ಲ ಕತ್ತರಿಯನ್ನು ಬರಿದೇ ಟಕಟಕ ಆಡಿಸುತ್ತ ಕೂರುವನು. 'ಖಾಲಿ ಕತ್ರಿ ಆಡಿಸಬ್ಯಾಡಲೇ, ಮನ್ಯಾಗ ಜಗಳ ಆಗ್ತೈತಿ' ಎಂದು ನಾನು ಬೈಯುತ್ತಿದ್ದೆ. ನಮ್ಮ ಕಸುಬಿನಲ್ಲಿ ಎಲ್ಲರೂ ನಂಬುವ ಮಾತು ಅದು. ದೇವರನ್ನು ಅಷ್ಟಾಗಿ ನಂಬದ ನಾನೂ ಇದೊಂದನ್ನು ಮಾತ್ರ ಮೀರಿದವನಲ್ಲ.

ಕೊನೆಗೆ ಅವನು ಕತ್ತರಿ ಬಿಟ್ಟು ಸೌಟು ಹಿಡಿದ. ಹೊಸಪೇಟೆಯ ಹೋಟೆಲು, ಅಲ್ಲಿಂದ ಗೋವಾದ ಹೋಟೆಲು, ಅಲ್ಲಿಂದ ಯಾರೋ ಏಜೆಂಟನ ಕೈಯಿಂದ ದೊಡ್ಡ ಪ್ರವಾಸಿ ಹಡಗಿನ ಅಡಿಗೆಮನೆ. ಸಾವಿರಾರು ಜನ ಉಣ್ಣುವ ಹಡಗು. ಅದರ ಹೊಟ್ಟೆಯಲ್ಲಿ ಕೂತು ಉಳ್ಳಾಗಡ್ಡಿ ಹೆಚ್ಚುವುದು ಅವನ ಕೆಲಸ. 'ಬಾವಾ, ಇಲ್ಲಿ ಎಡಚರಿಗೆ ಅಂತ ಬ್ಯಾರೆ ಕತ್ರಿ ಸಿಗ್ತಾವ್ರೀ! ಒಂದು ತಗೊಂಡೀನಿ, ಶರಣನ ಜವಳಕ್ಕ' ಎಂದು ಒಮ್ಮೆ ಯಾವುದೋ ದೇಶದಿಂದ ಫೋನು ಮಾಡಿ ಕೂಗಿದ್ದ. ನನ್ನ ಅಂಗಡಿಯ ಪಕ್ಕದ ಎಸ್.ಟಿ.ಡಿ. ಬೂತಿಗೆ ಅವನ ಫೋನು ಬರುತ್ತಿತ್ತು. ಬೂತಿನ ಸೋಮಣ್ಣ 'ವೀರಣ್ಣಾ, ಹಡಗಿನ ಫೋನು!' ಎಂದು ಕೂಗಿದರೆ ನಾನು ಮಷಿನ್ನು ಬಿಟ್ಟು ಓಡುತ್ತಿದ್ದೆ.

ಆ ಬೇಸಿಗೆಯಲ್ಲಿ ಬಂದ ಫೋನು ಮನೆಯನ್ನೇ ಕುಣಿಸಿತು. ಮಳೆಗಾಲಕ್ಕೆ ಮೊದಲು ಅವರ ಹಡಗು ಗೋವಾದ ಬಂದರಿನಲ್ಲಿ ಒಂದು ಹಗಲು ನಿಲ್ಲುತ್ತದೆ, ಅವನಿಗೆ ಇಳಿಯಲು ಒಂದೆರಡು ತಾಸು ರಜೆ ಸಿಗುತ್ತದೆ, ಮಗುವನ್ನು ಅಲ್ಲಿಗೇ ಕರೆತನ್ನಿ ಎಂದ. ತಂಬ್ರಹಳ್ಳಿಯಿಂದ ನಮ್ಮತ್ತೆ ನೀಲಮ್ಮ ಅವತ್ತೇ ಬಸ್ಸು ಹತ್ತಿ ಬಂದರು. ಮಗನ ಮುಖ ನೋಡಿ ಮೂರು ವರ್ಷವಾಗಿತ್ತು ಅವರಿಗೆ.

'ಬಂದರದಾಗ ಜವಳಾನ? ದೇವ್ರಿಲ್ಲ, ದಿಂಡ್ರಿಲ್ಲ' ಎಂದೆ.

'ಗಂಗವ್ವ ಅದಾಳಲ್ರೀ' ಎಂದರು ಅತ್ತೆ. 'ನಮ್ಮ ಹಳೇ ಊರನ್ನ ನುಂಗಿದಾಕಿ. ಆಕಿ ಮುಂದ ಒಂದು ಎಳಿ ಕೊಯ್ದರ ಸಾಕು. ಉಳಿದದ್ದು ಇಲ್ಲಿ ಬಂದು ಮಾಡೋಣ.'

ಅಣೆಕಟ್ಟಿನ ನೀರಲ್ಲಿ ಅವರು ಹುಟ್ಟಿದ ಊರು ಮುಳುಗಿತ್ತು. ನೀರಿನ ಮಾತು ಬಂದರೆ ಅವರು ಬದುಕಿರುವ ನೆಂಟರ ಬಗ್ಗೆ ಮಾತಾಡಿದಂತೆ ಮಾತಾಡುತ್ತಿದ್ದರು. ನನಗೆ ನಗು ಬರುತ್ತಿತ್ತು.

ನಗು ಬಾರದ ಒಂದು ಸಂಗತಿಯೂ ಆ ದಿನಗಳಲ್ಲಿ ನಡೆಯಿತು. ಶರಣ ನನ್ನ ಅಂಗಡಿಯ ನೆಲದ ಮೇಲೆ ನೀಲಿ ಬಟ್ಟೆಯ ತುಂಡು ಹಾಸಿ, ದಾರದ ಉಂಡೆಗಳ ಡಬ್ಬಿಯನ್ನು ಹಡಗು ಮಾಡಿ ತಳ್ಳುತ್ತಿದ್ದ. ಸೀಮೆಸುಣ್ಣದಿಂದ ಒಂದು ಗೆರೆ ಎಳೆದಿದ್ದ. ಅದು ಬಂದರವಂತೆ. ಡಬ್ಬಿ ಗೆರೆ ದಾಟಿ ಗೋಡೆಯವರೆಗೆ ಹೋಯಿತು.

'ನಿಂದ್ರಿಸಲೇ ಅಲ್ಲಿ. ಮಾಮ ಇಳೀಬೇಕು' ಎಂದೆ.

'ಇದು ನಿಂದ್ರಂಗಿಲ್ಲಪ್ಪಾ' ಎಂದ, ತಲೆ ಎತ್ತದೆ.

ಮತ್ತೆ ಮತ್ತೆ ಆಡಿದ. ಒಂದು ಸಲವೂ ನಿಲ್ಲಿಸಲಿಲ್ಲ. ನಾನು ಹೊಲಿಯುತ್ತಿದ್ದ ಅಂಗಿಯ ತೋಳು ತಿರುಗುಮುರುಗಾಯಿತು.

ಹೊಸಪೇಟೆಗೆ ಬಸ್ಸು, ಅಲ್ಲಿಂದ ವಾಸ್ಕೋಗೆ ರೈಲು. ಅದಿರಿನ ಲಾರಿಗಳು ನಮ್ಮ ಕಡೆಯ ರಸ್ತೆಗಳನ್ನು ಕೆಂಪು ಮಾಡುತ್ತಿದ್ದ ಕಾಲ ಅದು. ಅಷ್ಟು ದೂರ ಹೋಗಿ ರೈಲು ಇಳಿದರೆ ಬಂದರಿನ ಬಳಿ ಅದೇ ಕೆಂಪು ಮಣ್ಣಿನ ಗುಡ್ಡೆಗಳು ಸಾಲಾಗಿ ಬಿದ್ದಿದ್ದವು. ಅತ್ತೆ ಬಗ್ಗಿ ಒಂದು ಚಿಟಿಕೆ ಮಣ್ಣು ಮುಟ್ಟಿದರು. 'ನಮ್ಮ ಮಣ್ಣು ನಮಗಿಂತ ಮದ್ಲ ಬಂದು ಹಡಗು ಕಾಯಾಕ ಹತ್ತೈತಿ' ಎಂದರು.

ಬಂದರಿನ ಗೇಟಿನೊಳಗೆ ನಮ್ಮನ್ನು ಬಿಡಲಿಲ್ಲ. ಮಲ್ಲೇಶಿಯೇ ಹೊರಗೆ ಬರಬೇಕಿತ್ತು. ಗೇಟಿನ ಮುಂದೆ ಜಾತ್ರೆಯಷ್ಟು ಜನ. ಪ್ರವಾಸಿಗಳನ್ನು ಊರು ಸುತ್ತಿಸಲು ಸಾಲುಗಟ್ಟಿ ನಿಂತ ಬಸ್ಸುಗಳು, ಟ್ಯಾಕ್ಸಿಯವರು, ಹೂವಿನ ಹಾರದವರು, ಜರಿಯಂಗಿ ತೊಟ್ಟ ಬಾಜಾಬಜಂತ್ರಿಯವರು, ತರಕಾರಿ ತುಂಬಿದ ಗಾಡಿ. ನಾವು ಸ್ವಲ್ಪ ಮೇಲಿನ ದಿಬ್ಬಕ್ಕೆ ಹತ್ತಿ ಕೂತೆವು. ಅಲ್ಲಿಂದ ಸಮುದ್ರ ಕಾಣುತ್ತಿತ್ತು. ಅತ್ತೆ ಶರಣನ ಜಡೆ ಬಿಚ್ಚಿ, ಎಣ್ಣೆ ಹಚ್ಚಿ, ಹಿಂದಲೆಯ ಒಂದು ಎಳೆಯನ್ನು ಬೇರೆ ಮಾಡಿ ಕೆಂಪು ದಾರ ಕಟ್ಟಿದರು. ಅದು ಮಾವನ ಎಳೆ. ಉಳಿದದ್ದನ್ನು ಒಂದೇ ಜಡೆ ಹೆಣೆದು ಅದರ ಮೇಲೆ ಇಳಿಬಿಟ್ಟರು. ಮಲ್ಲೇಶಿ ಕತ್ತರಿ ಮರೆತರೆ ಇರಲಿ ಎಂದು ಊರಿಂದ ತಂದ ಹೊಸ ಕತ್ತರಿಗೆ ಅರಿಶಿನದ ದಾರ ಸುತ್ತಿ ಚೀಲದಲ್ಲಿ ಇಟ್ಟಿದ್ದರು. ಎಡಗೈಯಲ್ಲಿ ಕತ್ತರಿಸಲು ಬಿಡುವುದಿಲ್ಲ, ಬಲಗೈಯಲ್ಲೇ ಕತ್ತರಿಸಬೇಕು ಎಂದು ಅಲ್ಲೇ ತೀರ್ಮಾನವೂ ಆಯಿತು.

ಹಡಗು ಬಂತು. ಮೊದಲು ಬಿಳಿ ಚುಕ್ಕೆ, ಆಮೇಲೆ ನೀರಿನ ಮೇಲೆ ಒಂದು ಊರು. ಕಿಟಕಿಗಳು ಎಣಿಸಲಾರದಷ್ಟು. ಅತ್ತೆ ಎದ್ದು ನಿಂತು ಸೆರಗು ಸರಿಮಾಡಿಕೊಂಡರು. ಗಿರಿಜೆ ಅಳುತ್ತ ನಗುತ್ತಿದ್ದಳು. ಆದರೆ ಹಡಗು ಹತ್ತಿರ ಬರಲಿಲ್ಲ. ಅಲ್ಲೇ ನಿಂತಿತು. ಗಾಳಿ ಜೋರಾಯಿತು. ಕೆಸರು, ಮೀನು, ಮಳೆಯ ಆ ವಾಸನೆ. ಕೆಳಗಿನಿಂದ ಒಂದು ಸಣ್ಣ ದೋಣಿ ಹಡಗಿನ ಕಡೆ ಹೋಗಿ, ಅಲೆಗಳಲ್ಲಿ ಎದ್ದು ಬಿದ್ದು, ತಿರುಗಿ ಬಂತು.

ಬಿಳಿ ಅಂಗಿಯ ಗುಮಾಸ್ತನೊಬ್ಬ ಗೇಟಿನಲ್ಲಿ ಬಂದು ಕೈಯಾಡಿಸಿದ. ನಾನು ಕೆಳಗೆ ಓಡಿದೆ, ಅತ್ತೆಯೂ ಬೆನ್ನಿಗೆ ಬಂದರು. ಅದೃಷ್ಟಕ್ಕೆ ಅವನಿಗೆ ಕನ್ನಡ ಬರುತ್ತಿತ್ತು.

'ಅಲೆ ಜೋರಿದೆ. ದಾರಿ ತೋರಿಸುವ ಪೈಲಟ್ ಹತ್ತಲಿಕ್ಕೆ ಆಗಲಿಲ್ಲ. ಹಡಗು ಬರೋದಿಲ್ಲ' ಎಂದ.

'ಅಗೋ, ಕಾಣಸ್ತೈತಲ್ಲಪ್ಪಾ' ಎಂದರು ಅತ್ತೆ.

'ಕಾಣೋದು ಬೇರೆ, ನಿಲ್ಲೋದು ಬೇರೆ, ಅಮ್ಮಾ. ಸೀದಾ ಮುಂದಿನ ಬಂದರಿಗೆ ಹೋಗ್ತದೆ.'

'ಒಳಗಿನ ಮಂದಿ?'

'ಅವರಿಗೆ ಮೈಕಿನಲ್ಲಿ ಹೇಳ್ತಾರೆ. ಆಟ, ಹಾಡು ಇಡ್ತಾರೆ. ಊಟ ಜಾಸ್ತಿ ಮಾಡಿಸ್ತಾರೆ. ಯಾರಿಗೂ ಬೇಜಾರಾಗೋದಿಲ್ಲ.'

ಊಟ ಜಾಸ್ತಿ ಎಂದರೆ ಮಲ್ಲೇಶಿಗೆ ಉಳ್ಳಾಗಡ್ಡಿ ಜಾಸ್ತಿ. ಅದನ್ನು ನಾನು ಅತ್ತೆಗೆ ಹೇಳಲಿಲ್ಲ.

ಒಂದು ಜಾತ್ರೆ ಅಷ್ಟು ಬೇಗ ಕರಗಿದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ. ಬಸ್ಸುಗಳು ಒಂದೊಂದಾಗಿ ಖಾಲಿ ಸೀಟು ಹೊತ್ತು ಹೋದವು. ಟ್ಯಾಕ್ಸಿಯವರು ಸಮುದ್ರವನ್ನೇ ಬೈದರು. ತರಕಾರಿ ಗಾಡಿ ಹಿಂದಕ್ಕೆ ತಿರುಗಿತು. ಆ ಹಡಗಿನಲ್ಲೇ ಕೆಲಸಕ್ಕೆ ಸೇರಬೇಕಿದ್ದ ಒಬ್ಬಾತ ಸೂಟ್‌ಕೇಸಿನ ಮೇಲೆ ಕೂತು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಬೀಡಿ ಹಚ್ಚಿದ. ಬಜಂತ್ರಿಯವರಿಗೆ ಮುಂಗಡ ಸಂದಿತ್ತಂತೆ. ಅವರಲ್ಲಿ ಹಿರಿಯನು ಏನೋ ಹೇಳಿದ, ಎಲ್ಲರೂ ಗೇಟಿನ ಮುಂದೆ ಸಾಲಾಗಿ ನಿಂತು, ಯಾರೂ ಇಳಿಯದ ಬಂದರಿಗೆ ಮುಖ ಮಾಡಿ, ಸ್ವಾಗತದ ಬಾಜಾವನ್ನು ಪೂರಾ ಒಮ್ಮೆ ನುಡಿಸಿದರು. ಕೊನೆಯ ಪೆಟ್ಟು ಬಿದ್ದ ಮೇಲೆ ಗಾಳಿಯದೊಂದೇ ಸದ್ದು ಉಳಿಯಿತು. ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು.

ದಿಬ್ಬಕ್ಕೆ ವಾಪಸು ಬಂದಾಗ ಶರಣ ಗಿರಿಜೆಯ ತೊಡೆಯ ಮೇಲೆ ಬೋರಲು ಮಲಗಿ ನಿದ್ದೆ ಹೋಗಿದ್ದ. ಹಡಗು ಅಡ್ಡಕ್ಕೆ ತಿರುಗಿತು. ನಾವು ಮೂವರೂ ಕಣ್ಣು ಕೀಳದೆ ಅದನ್ನೇ ನೋಡುತ್ತಿದ್ದೆವು. ಅತ್ತೆ ಕೈ ಎತ್ತಿ ಮಗನ ಹೆಸರು ಕೂಗಿದರು. ಆಗ ಶರಣ ನಿದ್ದೆಯಲ್ಲೇ ಒಮ್ಮೆ ಬೆಚ್ಚಿ, ಕತ್ತು ಕುಗ್ಗಿಸಿಕೊಂಡ. ನೊಣ ಕೂತಿರಬೇಕು ಎಂದು ನಾನು ಹಡಗಿನ ಕಡೆಗೇ ನೋಡಿದೆ. ಅದು ಮಬ್ಬಿನಲ್ಲಿ ಮುಳುಗಿತು.

ಆ ರಾತ್ರಿ ಲಾಡ್ಜಿನಲ್ಲಿ ಉಳಿದೆವು. ಬೆಳಿಗ್ಗೆ ರೈಲು ಹತ್ತಿದೆವು. ಘಟ್ಟದ ಸುರಂಗಗಳು ಶುರುವಾದಾಗ ಗಿರಿಜೆ ಮಗನ ತಲೆ ಬಾಚಲು ಜಡೆ ಎತ್ತಿದಳು. ಸುರಂಗ ಬಂತು, ಕತ್ತಲಾಯಿತು, ಬೆಳಕಾಯಿತು. ಅವಳ ಕೈ ಎತ್ತಿದಲ್ಲೇ ಇತ್ತು. ಹಿಂದಲೆಯ ಆ ಎಳೆ ಇರಲಿಲ್ಲ. ಉದುರಿದ್ದಲ್ಲ, ಕಿತ್ತದ್ದಲ್ಲ. ಹರಿತವಾದ ಅಲಗಿನಿಂದ ಒಂದೇ ಏಟಿಗೆ ಕತ್ತರಿಸಿದ್ದು. ಅತ್ತೆ ಚೀಲ ಸುರುವಿ ಹೊಸ ಕತ್ತರಿ ತೆಗೆದರು. ಅದಕ್ಕೆ ಸುತ್ತಿದ ಅರಿಶಿನದ ದಾರ ಹಾಗೇ ಇತ್ತು. ಆಮೇಲೆ ತಾಯಿ ಮಗಳು ಇಬ್ಬರೂ ನನ್ನ ಜೇಬು ನೋಡಿದರು.

'ರಾತ್ರಿ ಎದ್ದಿದ್ರಿ ನೀವು' ಎಂದಳು ಗಿರಿಜೆ.

'ನೀರು ಕುಡಿಯಾಕ ಎದ್ದಿದ್ದೆ.'

'ಮಲಗಿದಾಗ ಕೊಯ್ತೀನಿ ಅಂದಿದ್ರಿ.'

'ಹುಡುಗಾಟಕ್ಕ ಅಂದಿದ್ದು ಅದು! ನನ್ನ ಮಗನ ಆಣಿ, ನಾ ಮುಟ್ಟಿಲ್ಲ.'

'ಮಗನ ಮ್ಯಾಲೆ ಆಣಿ ಇಡಬ್ಯಾಡ್ರಿ' ಎಂದು ಅವಳು ಮಗುವನ್ನು ಎದೆಗೆ ಒತ್ತಿಕೊಂಡು ಕಿಟಕಿ ಕಡೆ ತಿರುಗಿದಳು. ಹೊಸಪೇಟೆ ಬರುವವರೆಗೂ ನನ್ನ ಕಡೆ ನೋಡಲಿಲ್ಲ. ಅಲ್ಲಿಂದ ನಾನು ಕೊಟ್ಟೂರಿನ ಬಸ್ಸು ಹತ್ತಿದರೆ, ಅವಳು ಮಗುವಿನ ತಲೆಗೆ ಬಟ್ಟೆ ಸುತ್ತಿ, ತಾಯಿಯ ಜೊತೆ ತಂಬ್ರಹಳ್ಳಿಯ ಬಸ್ಸು ಹತ್ತಿದಳು.

ಶಾಲೆ ಶುರುವಾಗುವ ಹೊತ್ತು. ಖಾಕಿ ಚಡ್ಡಿ, ನೀಲಿ ಲಂಗಗಳ ರಾಶಿಯಲ್ಲಿ ನಾನೊಬ್ಬನೇ ಕೂತು ಹೊಲಿದೆ. ಖಾನಾವಳಿಯಲ್ಲಿ ಉಂಡೆ. ಎರಡು ಸಲ ತಂಬ್ರಹಳ್ಳಿಗೆ ಹೋದೆ, ಎರಡು ಸಲವೂ ಗಿರಿಜೆ ಒಳಮನೆಯಿಂದ ಹೊರಗೆ ಬರಲಿಲ್ಲ. ಮಾಡದ ತಪ್ಪಿಗೆ ಕ್ಷಮೆ ಕೇಳಲು ನನಗೆ ಬಾಯಿ ಬರಲಿಲ್ಲ. ಸಿಟ್ಟು ಬಂದಿತ್ತು, ನಿಜ ಹೇಳಬೇಕೆಂದರೆ ಅಳುವೂ ಬರುತ್ತಿತ್ತು. ಮಷಿನ್ನು ನಿಲ್ಲಿಸಿದಾಗೆಲ್ಲ ಅಂಗಡಿಯ ಮೂಲೆಯಲ್ಲಿ ಡಬ್ಬಿ ಸರಿದ ಸದ್ದಾಗುತ್ತಿತ್ತು. ಎದ್ದು ನೋಡಿದರೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಮಾತ್ರ. ಅಳಿಸಲು ಧೈರ್ಯ ಸಾಲದೆ ಅದನ್ನು ದಾಟಿ ಓಡಾಡಿದೆ.

ಮೊದಲ ಮಳೆ ಹುಯ್ದ ಮಧ್ಯಾಹ್ನ ಸೋಮಣ್ಣ ಕೂಗಿದ. ಹಡಗಿನ ಫೋನು. ಆ ಬಂದರು ತಪ್ಪಿದ ಮೇಲೆ ಅದೇ ಮೊದಲ ಫೋನು. ತಂತಿಯಲ್ಲಿ ನೀರು ಕುದಿದಂಥ ಸದ್ದು. ಅದರ ಹಿಂದಿನಿಂದ ಮಲ್ಲೇಶಿ, ಕ್ಷೇಮ ಸಮಾಚಾರ ಯಾವುದನ್ನೂ ಕೇಳದೆ, ಮೊದಲ ಮಾತೇ ಹೀಗೆ ಅಂದ:

'ಬಾವಾ, ಕೂದ್ಲ ಬಿತ್ತೇನ್ರೀ?'

'ಯಾರು ಹೇಳಿದ್ರಲೇ ನಿನಗ?'

'ನಡುನೀರಾಗ ಯಾರು ಹೇಳ್ತಾರ್ರೀ? ಬಿತ್ತೋ ಇಲ್ಲೋ ಹೇಳ್ರಿ.'

'ಬಿತ್ತು.'

ಅವನು ಉಸಿರು ಬಿಟ್ಟದ್ದು ಕೇಳಿಸಿತು. 'ಅವತ್ತು ರಜಾ ರದ್ದು ಮಾಡಿದ್ರು. ಎಲ್ಲಾರೂ ಒಳಗ ಉಣ್ಣಾರು ಅಂತ ಅಡಿಗಿ ದುಪ್ಪಟ್ಟು. ಉಳ್ಳಾಗಡ್ಡಿ ಅರ್ಧಕ್ಕ ಬಿಟ್ಟು, ಕೈ ತೊಳಕೊಂಡು ಹಂಗ ಮ್ಯಾಲೆ ಓಡಿಬಂದೆ. ದಂಡಿ ಕಾಣತಿತ್ರೀ ಬಾವಾ. ನೀವೆಲ್ಲ ಅಲ್ಲೇ ಇದ್ದೀರಿ ಅಂತ ಗೊತ್ತಿತ್ತು. ಜೇಬಿನ್ಯಾಗ ಕತ್ರಿ ಇತ್ತು. ದಂಡಿ ಕಡೆ ಹಿಡಿದು ಒಂದ್ಸಲ ಆಡಿಸಿಬಿಟ್ಟೆ.'

ಹಳೆಯ ಬೈಗುಳವೇ ಬಾಯಿಗೆ ಬಂತು. 'ಖಾಲಿ ಕತ್ರಿ ಆಡಿಸಬ್ಯಾಡ ಅಂತ ನಿನಗ ಎಷ್ಟು ಸಲ ಹೇಳೀನಿ?'

'ಖಾಲಿ ಇರಲಿಲ್ರೀ, ಬಾವಾ' ಎಂದ ಮಲ್ಲೇಶಿ. 'ಅಲಗಿನ ನಡುವ ಏನೋ ಸಿಕ್ಕಿತ್ತು. ಕೂದ್ಲ ಕೊಯ್ದ ಸಪ್ಪಳ ಕೇಳೀನಿ.'

ಫೋನು ಕಟ್ಟಾಯಿತು. ಅಂಗಡಿ ಮುಚ್ಚಿ ಮಳೆಯಲ್ಲೇ ತಂಬ್ರಹಳ್ಳಿಗೆ ಹೋದೆ. ಈ ಸಲ ಬಾಗಿಲಲ್ಲೇ ನಿಂತು, ಒಳಮನೆಗೆ ಕೇಳಲಿ ಎಂದು ಜೋರಾಗಿ, ಕತ್ತರಿಯ ಸಂಗತಿ ಹೇಳಿದೆ. ಉಳ್ಳಾಗಡ್ಡಿ, ಕೈ ತೊಳೆದದ್ದು ಇವೆಲ್ಲ ಯಾರಿಗೆ ಬೇಕಿತ್ತು, ಅವನ್ನು ಬಿಟ್ಟೆ. ಅತ್ತೆ ಶರಣನನ್ನು ಕರೆದು ತಲೆಯ ಬಟ್ಟೆ ಬಿಚ್ಚಿದರು. ನಾನೂ ಬಗ್ಗಿ ನೋಡಿದೆ. ಕತ್ತರಿ ಹಿಡಿದು ಬದುಕಿದವನು ನಾನು, ಆದರೂ ರೈಲಿನ ಗಲಾಟೆಯಲ್ಲಿ ಇದು ಕಣ್ಣಿಗೆ ಬಿದ್ದಿರಲಿಲ್ಲ. ಕತ್ತರಿಸಿದ ಓರೆ ಉಲ್ಟಾ ಇತ್ತು. ಬಲಗೈಯವರು ಹಿಂದಿನಿಂದ ಕತ್ತರಿಸಿದರೆ ಓರೆ ಹಾಗೆ ಬರುವುದಿಲ್ಲ. ಮಲ್ಲೇಶಿ ಹಾಳು ಮಾಡಿದ ಎರಡು ಪೈಜಾಮಗಳ ಮೇಲೆ ಇಂಥದೇ ಓರೆ ಇತ್ತು.

'ಎಡಚ ಕೊಯ್ದದ್ದು' ಎಂದರು ಅತ್ತೆ. ಮಗುವಿನ ಹಿಂದಲೆಗೆ ಮುತ್ತಿಟ್ಟು ಗೊಳೋ ಎಂದು ಅತ್ತರು. ಐದು ತುಂಬುವ ಮೊದಲೇ, ಅದೇ ವಾರ ಹಿನ್ನೀರಿನ ದಂಡೆಯಲ್ಲಿ ಉಳಿದ ಕೂದಲು ತೆಗೆಸಿದೆವು.

ಗಿರಿಜೆ ಮಾತ್ರ ಆ ಮಳೆಯ ದಿನವೇ ಒಳಮನೆಯಿಂದ ಬಂದು ಓರೆ ನೋಡಿ, ನನ್ನನ್ನೂ ನೋಡಿ, 'ದರ್ಜಿಗೆ ಎಡಗೈ ಏನು, ಬಲಗೈ ಏನು' ಎಂದಳು. ಕೊಟ್ಟೂರಿಗೆ ಬಂದಳು, ಸಂಸಾರ ಮಾಡಿದಳು, ಮುಂದೆ ಮಗಳೂ ಹುಟ್ಟಿದಳು. ಆದರೆ ನಾನು ಕತ್ತರಿ ತೆಗೆದಾಗಲೆಲ್ಲ ಅವಳ ಕಣ್ಣು ಒಂದು ಗಳಿಗೆ ಅದರ ಮೇಲೆ ನಿಲ್ಲುತ್ತಿತ್ತು. ಎರಡು ವರ್ಷ ಬಿಟ್ಟು ಮಲ್ಲೇಶಿ ಊರಿಗೆ ಬಂದು ಹಗರಿಬೊಮ್ಮನಹಳ್ಳಿಯಲ್ಲಿ ಖಾನಾವಳಿ ಇಟ್ಟ. ಅಕ್ಕನ ಮುಂದೆ ಕತ್ತರಿಯ ಮಾತನ್ನು ಆಣೆ ಮಾಡಿ ಹೇಳಿದ. 'ಬಾವ ಬಾಮೈದ ಒಂದಾಗೀರಿ' ಎಂದಳು. ಆ ಎಳೆ ಎಲ್ಲಿಗೆ ಹೋಯಿತೆಂದು ಅವನಿಗೂ ಗೊತ್ತಿಲ್ಲ. ಕೆಂಪು ದಾರ ಕೂಡ ಸಿಗಲಿಲ್ಲ. ಅತ್ತೆ ತೀರಿಕೊಂಡರು. ನಾನು ನ್ಯಾಯ ಕೇಳುವುದನ್ನು ಬಿಟ್ಟೆ.

ಹೋದ ತಿಂಗಳು ಸೋದರಮಾವನ ಜಾಗದಲ್ಲಿ ಕೂತವನು ಶರಣ. ತಂಗಿಯ ಮಗ ಅವಳ ತೊಡೆಯ ಮೇಲೆ ಬೋರಲು ಮಲಗಿದ್ದ. ಮಲ್ಲೇಶಿ ಅಡಿಗೆಯವನಾದ್ದರಿಂದ ಒಲೆಯ ಹತ್ತಿರ ಇದ್ದ, ಕರೆದಾಗ ಕೈ ತೊಳೆದು, ಒರೆಸಿಕೊಳ್ಳದೆ ಹಾಗೇ ಬಂದು ಶರಣನ ಬೆನ್ನ ಹಿಂದೆ ನಿಂತು, ಎಳೆ ಎಲ್ಲಿ ಹಿಡಿಯಬೇಕೆಂದು ತೋರಿಸಲು ಬಗ್ಗಿದ. ಅವನ ಕೈ ಶರಣನ ಕತ್ತಿಗೆ ತಾಗಿತು.

ಶರಣ ಬೆಚ್ಚಿ, ಕತ್ತು ಕುಗ್ಗಿಸಿಕೊಂಡ. ಥೇಟು ಅವತ್ತು ದಿಬ್ಬದ ಮೇಲೆ ಕುಗ್ಗಿಸಿಕೊಂಡ ಹಾಗೆ.

'ಇದ ಕೈ' ಎಂದ.

'ಏನೋ?' ಎಂದಳು ಗಿರಿಜೆ.

'ಸಣ್ಣಾಂವಿದ್ದಾಗ ಒಂದು ಕನಸು ಬಿದ್ದಿತ್ತವ್ವಾ. ಯಾರಿಗೂ ಹೇಳಿಲ್ಲ. ನಿನ್ನ ತೊಡಿ ಮ್ಯಾಲ ಮಲಗೀನಿ, ಬಾಜಾ ಆಗಷ್ಟ ನಿಂತೈತಿ. ಹಿಂದಿಂದ ಯಾರೋ ನನ್ನ ಕತ್ತು ಮುಟ್ಟಿದ್ರು. ಒದ್ದಿ ಕೈ, ತಣ್ಣಗ. ಉಳ್ಳಾಗಡ್ಡಿ ವಾಸ್ನಿ ಇತ್ತು.'

ಉಳ್ಳಾಗಡ್ಡಿ, ತೊಳೆದ ಕೈಯ ಸಂಗತಿಯನ್ನು ನಾನು ಅಲ್ಲಿಯವರೆಗೂ ಯಾರಿಗೂ ಹೇಳಿರಲಿಲ್ಲ. ಮಲ್ಲೇಶಿ ತನ್ನ ಎಡಗೈಯನ್ನು ಮುಖದ ಮುಂದೆ ಹಿಡಿದು ನೋಡಿಕೊಂಡ. ಬಯಲಿನ ಮೇಲಿಂದ ಆ ಗಾಳಿ ಮತ್ತೊಮ್ಮೆ ಬೀಸಿತು. ನನ್ನ ಕೈ ಜೇಬಿನ ಮೇಲೆಯೇ ಇತ್ತು.

ಗಿರಿಜೆ ಹೆಂಗಸರ ಸಾಲಿನಿಂದ ಎದ್ದಳು. ಎಲ್ಲರ ಎದುರಿಗೆ ಬಂದು, ಜೇಬಿನ ಮೇಲಿದ್ದ ನನ್ನ ಕೈ ತೆಗೆದು ತನ್ನ ಕೈಯೊಳಗೆ ಇಟ್ಟುಕೊಂಡು, ನನ್ನ ಪಕ್ಕದಲ್ಲಿ ಕೂತಳು.